ಹ್ಯಾಲ್ವರ್ ಮಾವನ ನಲವತ್ತು ತೋಟೆ

ಆರ್ವಿಡ್ ಸ್ಕೋಗನ ಶುಕ್ರವಾರ ಹಾಳಾಗಿದ್ದು ಗೇಣುದ್ದದ ಒಂದು ರಬ್ಬರ್ ಬೆಲ್ಟಿನಿಂದ.

ಅವನ ಗ್ಯಾರೇಜಿನ ಮೂಲೆಯಲ್ಲಿ ಮೋಟಾರಿನ ಮೇಲೆ ಉರುಳುವ ಒಂದು ಡಬ್ಬಿಯಿತ್ತು. ಹಾರಿಸಿ ಮುಗಿದ ಹಿತ್ತಾಳೆಯ ಖಾಲಿ ತೋಟೆಗಳನ್ನು ಅಕ್ರೋಟು ಚಿಪ್ಪಿನ ತರಿಯ ಜೊತೆ ಅದರೊಳಗೆ ಸುರಿದು, ಸ್ವಿಚ್ಚು ಒತ್ತಿ ಮಲಗಿದರೆ ಅದು ರಾತ್ರಿಯಿಡೀ ಗೊರಗೊರ ಉರುಳುತ್ತಿತ್ತು. ಬೆಳಗಾಗುವ ಹೊತ್ತಿಗೆ ತೋಟೆಗಳು ಹಬ್ಬಕ್ಕೆ ಬೆಳಗಿದ ಚೊಂಬಿನ ಹಾಗೆ ಹೊಳೆಯುತ್ತಿದ್ದವು. ಆಮೇಲೆ ತಳದ ತೂತಿಗೆ ಹೊಸ ಕೇಪು ಕೂರಿಸಿ, ಮದ್ದು ತೂಗಿ ತುಂಬಿ, ಬಾಯಿಗೆ ಗುಂಡು ಒತ್ತಿದರೆ ಹಳೆಯ ತೋಟೆ ಮತ್ತೆ ಕೋವಿಗೆ ಸಿದ್ಧ. ಉತ್ತರ ಮಿನೆಸೋಟದ ಆ ಊರಿನಲ್ಲಿ ಅರ್ಧ ಗಂಡಸರು ಬಿಡುವು ಕಳೆಯುವುದೇ ಹೀಗೆ. ಉಳಿದರ್ಧ ಅವರ ಪಕ್ಕದಲ್ಲಿ ನಿಂತು ಸಲಹೆ ಕೊಟ್ಟು ಕಳೆಯುತ್ತಾರೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಆರ್ವಿಡ್ ಮುಚ್ಚಳ ತೆಗೆದು ನೋಡಿದ. ರಾತ್ರಿ ಯಾವಾಗಲೋ ಬೆಲ್ಟು ತುಂಡಾಗಿತ್ತು. ತೋಟೆಗಳು ಹಾಕಿದಾಗ ಹೇಗಿದ್ದವೋ ಹಾಗೆಯೇ, ಬಾಣಲೆಯ ತಳದಷ್ಟು ಕಪ್ಪಾಗಿ, ನೆಮ್ಮದಿಯಿಂದ ಮಲಗಿದ್ದವು. ಜಿಂಕೆ ಬೇಟೆ ಶುರುವಾಗುವುದು ಶನಿವಾರ ಬೆಳಕು ಹರಿಯುವಾಗ. ತೋಟೆಗಳ ಯಜಮಾನರು ಬರುವುದು ಇವತ್ತು ಸಂಜೆ ನಾಲ್ಕಕ್ಕೆ.

ಯಜಮಾನರೆಂದರೆ ಆರ್ವಿಡನ ಮಾವ, ಹ್ಯಾಲ್ವರ್ ಬ್ರೆಕ್ಕೆ. ಎಂಬತ್ತೊಂದು ವರ್ಷ, ಮಾತು ಕಡಿಮೆ. ಅವರ ಬಾಯಿಂದ ಬರಬಹುದಾದ ಅತಿ ದೊಡ್ಡ ಹೊಗಳಿಕೆ 'ಪರವಾಗಿಲ್ಲ'. ಮಗಳು ಹುಟ್ಟಿದಾಗ ಒಮ್ಮೆ ಹಾಗಂದಿದ್ದರಂತೆ, ಮನುಷ್ಯ ಚಂದ್ರನ ಮೇಲೆ ಇಳಿದಾಗ ಇನ್ನೊಮ್ಮೆ. ಎರಡನೆಯದರ ಬಗ್ಗೆ ಆಮೇಲೆ ಅಭಿಪ್ರಾಯ ಬದಲಿಸಿದ್ದರು.

ಕಾಡಿನ ನಡುವೆ ಅವರದೊಂದು ಬೇಟೆಮನೆಯಿತ್ತು. ಅದರಲ್ಲಿ ಆರು ಮಂಚ. ನಲವತ್ತು ವರ್ಷಗಳಿಂದ ಆ ಆರು ಮಂಚಕ್ಕೂ ಅದೇ ಆರು ಜನ. ಆರ್ವಿಡ್ ಅಳಿಯನಾಗಿ ಇಪ್ಪತ್ತಮೂರು ವರ್ಷವಾಗಿತ್ತು. ಇಪ್ಪತ್ತಮೂರು ನವೆಂಬರುಗಳಲ್ಲಿ ಅವನಿಗೆ ಸಿಕ್ಕ ಕೆಲಸವೆಂದರೆ ಮಾವನ ಪಿಕಪ್ ಗಾಡಿಗೆ ಸೌದೆ ಏರಿಸಿ, ಅದು ತಿರುವಿನಲ್ಲಿ ಮರೆಯಾಗುವವರೆಗೆ ಕೈ ಬೀಸುವುದು. ಈ ವರ್ಷ ಆರು ಜನರಲ್ಲಿ ಒಬ್ಬರಾದ ಎಲ್ಮರ್, ಮಂಡಿನೋವು ತಡೆಯಲಾರದೆ, ಮಗಳ ಜೊತೆ ಇರಲು ಅರಿಜೋನಕ್ಕೆ ಹೋಗಿಬಿಟ್ಟಿದ್ದರು. ಹೋಗುವಾಗ ಒಂದು ಮಂಚವನ್ನೂ ಒಂದು ಕೆಲಸವನ್ನೂ ಖಾಲಿ ಬಿಟ್ಟಿದ್ದರು. ಮಾವನ ಹಳೇ ಕೋವಿಗೆ ತೋಟೆ ತುಂಬಿಸುತ್ತಿದ್ದವರು ಅವರೇ. ಆ ಅಳತೆಯ ತೋಟೆ ಮಾಡುವುದನ್ನು ಕಾರ್ಖಾನೆಯವರು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಭೂಮಿಯ ಮೇಲೆ ಮಾವನಿಗೆ ಉಳಿದಿದ್ದು ನಲವತ್ತು.

ಸೋಮವಾರ ಮಾವನವರು ಆ ನಲವತ್ತನ್ನೂ ಒಂದು ಡಬ್ಬದಲ್ಲಿ ಹಾಕಿ ತಂದು ಅಳಿಯನ ಕೈಗಿಟ್ಟು, ಬಿಡುವಿದ್ದರೆ ತುಂಬಿಸಿಡು, ಶುಕ್ರವಾರ ನಾಲ್ಕಕ್ಕೆ ಬರುತ್ತೇನೆ ಎಂದು ಹೇಳಿ ಹೋಗಿದ್ದರು. ಮಂಚದ ಮಾತು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಅವರ ವಂಶದಲ್ಲಿ ಅದಕ್ಕಿಂತ ಉದ್ದದ ಪ್ರೇಮಪತ್ರವನ್ನು ಯಾರೂ ಬರೆದಿರಲಿಲ್ಲ. ಆರ್ವಿಡ್ ಅವತ್ತೇ ಹಳೆಯ ಕೇಪುಗಳನ್ನು ಉದುರಿಸಿದ, ಹಲ್ಲುಜ್ಜುವ ಬ್ರಷ್ಷಿನಿಂದ ತಳ ತಿಕ್ಕಿದ, ಕೊನೆಯ ಹೊಳಪನ್ನು ಗುರುವಾರ ರಾತ್ರಿಯ ಉರುಳಾಟಕ್ಕೆ ಬಿಟ್ಟ.

ಈಗ ತುಂಡಾದ ಬೆಲ್ಟು ಹಿಡಿದು ನಿಂತಿದ್ದಾಗ ಗ್ಯಾರೇಜಿನ ಬಾಗಿಲಲ್ಲಿ ಪಕ್ಕದ ಮನೆಯ ಲಾಯ್ಡ್ ಕೊಸ್ಕಿ ಕಾಣಿಸಿಕೊಂಡ. ಲಾಯ್ಡನಿಗೆ ಹೆಂಡತಿ ಇರಲಿಲ್ಲ, ನೌಕರಿ ಮುಗಿದಿತ್ತು, ಬೇಟೆಗೆ ಜಾಗವೂ ಇರಲಿಲ್ಲ. ಪ್ರತಿ ವರ್ಷ ತನ್ನ ಹಿತ್ತಲಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೋವಿ ಹಿಡಿದು ಕೂರುತ್ತಿದ್ದ. ಜಿಂಕೆಗಳು ಅವನನ್ನು ದೂರದಿಂದ ನೋಡಿ ಹೋಗುತ್ತಿದ್ದವು. ಹೀಗಾಗಿ ಅವನ ಬಳಿ ಪುರುಸೊತ್ತು ಬೇಕಾದಷ್ಟಿತ್ತು.

"ಬೆಲ್ಟ್ ಹೋಯ್ತಾ?"

"ಹೋಯ್ತು."

ಲಾಯ್ಡ್ ಸ್ವಲ್ಪ ಹೊತ್ತು ತೋಟೆಗಳನ್ನು ನೋಡಿದ. ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಪಾಲೀಷು ಹಾಕೋಣವೆಂದ. ಅದರಲ್ಲಿ ಅಮೋನಿಯ ಇರುತ್ತದೆ, ಹಿತ್ತಾಳೆ ಒಳಗೊಳಗೇ ಬಿರುಕು ಬಿಡುತ್ತದೆ, ಮಾವನ ಮುಖದ ಹತ್ತಿರ ಒಡೆಯುತ್ತದೆ ಎಂದು ಆರ್ವಿಡ್ ತಿಳಿಸಿ ಹೇಳಿದ. ಲಾಯ್ಡ್ ಒಪ್ಪಿದ. ಒಪ್ಪಿ, "ಕೆಚಪ್ ಎಷ್ಟಿದೆ?" ಅಂದ.

ಅವನ ತಾಯಿ ಚರ್ಚಿನ ಹಿತ್ತಾಳೆ ದೀಪದ ಕಂಬಗಳನ್ನು ಮೂವತ್ತು ವರ್ಷ ಕೆಚಪ್ಪಿನಲ್ಲೇ ಬೆಳಗಿದ್ದರಂತೆ. ಟೊಮೆಟೊ ಹುಳಿ ಎಂಥ ಕಿಲುಬನ್ನೂ ತಿನ್ನುತ್ತದಂತೆ. ಆರ್ವಿಡ್ ಮನೆಯಲ್ಲಿದ್ದ ಎರಡು ಬಾಟಲಿ ತಂದ, ಲಾಯ್ಡ್ ತನ್ನ ಮನೆಯಿಂದ ಮೂರು ತಂದ. ಐದನ್ನೂ ಬಕೆಟ್ಟಿಗೆ ಸುರಿದು, ತೋಟೆಗಳನ್ನು ಹಾಕಿ, ಕೋಲಿನಿಂದ ತಿರುವಿದರು. ಅರ್ಧ ಗಂಟೆಗೆ ಒಂದನ್ನು ಎತ್ತಿ ಒರೆಸಿ ನೋಡಿದರೆ, ಲಾಯ್ಡನ ತಾಯಿ ಸುಳ್ಳು ಹೇಳಿರಲಿಲ್ಲ. ಹೊರಗೆಲ್ಲ ಚಿನ್ನ.

ತೊಂದರೆ ಏನೆಂದರೆ, ದೀಪದ ಕಂಬಕ್ಕೆ ಒಳಗು ಇರುವುದಿಲ್ಲ. ತೋಟೆಗೆ ಇರುತ್ತದೆ. ನಲವತ್ತು ತೋಟೆಗಳೂ ಕಿರಿದಾದ ಕತ್ತಿನವರೆಗೆ ಕೆಚಪ್ ತುಂಬಿಕೊಂಡು ಕೂತಿದ್ದವು. ಕುಕ್ಕಿದರೆ ಬರಲಿಲ್ಲ, ಕಡ್ಡಿ ಹಾಕಿದರೆ ಇನ್ನಷ್ಟು ಗಟ್ಟಿಯಾಯಿತು. ಕೊನೆಗೆ ಲಾಯ್ಡ್ ಟೈರಿಗೆ ಗಾಳಿ ಹಾಕುವ ಕೊಳವೆಯನ್ನು ಒಂದು ತೋಟೆಯ ತಳಕ್ಕೆ ಹಿಡಿದು ಗುಂಡಿ ಒತ್ತಿದ. ಕೆಚಪ್ ಬಂತು. ಎಷ್ಟು ವೇಗವಾಗಿ ಬಂತೆಂದರೆ ಎದುರು ಗೋಡೆಗೆ ಬಡಿದು ಅಲ್ಲಿಂದ ಲಾಯ್ಡನ ಗಡ್ಡಕ್ಕೆ ವಾಪಸಾಯಿತು. ಯುಕ್ತಿ ಫಲಿಸಿತೆಂದು ಇಬ್ಬರಿಗೂ ಸಂತೋಷವಾಗಿ ಉಳಿದ ಮೂವತ್ತೊಂಬತ್ತನ್ನೂ ಹಾಗೆಯೇ ಊದಿದರು. ಮುಗಿಯುವ ಹೊತ್ತಿಗೆ ಬಿಳಿಯ ಗೋಡೆಯನ್ನು ನೋಡಿದವರು ಈ ವರ್ಷದ ಬೇಟೆ ಇಲ್ಲಿಯೇ ಮುಗಿಯಿತೆಂದು ತಿಳಿಯಬೇಕು, ಹಾಗಿತ್ತು.

ಒಳಗೆ ಉಳಿದ ಜಿಡ್ಡು ಹೋಗಬೇಕಲ್ಲ. ಅದಕ್ಕೆ ವಿನೆಗರ್. ತಣ್ಣನೆಯ ವಿನೆಗರಿನಲ್ಲಿ ಹತ್ತೇ ನಿಮಿಷ ನೆನೆಹಾಕಬೇಕೆಂಬುದು ಆರ್ವಿಡನಿಗೆ ಗೊತ್ತಿತ್ತು. ಬೇಗ ಆಗಲಿ ಎಂದು ಅದನ್ನು ಕುದಿಸಿ ತಂದದ್ದು ಲಾಯ್ಡ್. ತೋಟೆಗಳನ್ನು ಮುಳುಗಿಸಿ ಆರ್ವಿಡ್ ಗಡಿಯಾರ ನೋಡಿದ, ಅಷ್ಟರಲ್ಲಿ ಬರ್ನೀಸ್ ಬಂದರು.

ಬರ್ನೀಸ್ ಎರಡು ಮನೆ ಆಚೆಯ ವಿಧವೆ. ಮರ್ಲಿಸಳಿಂದ ತೆಗೆದುಕೊಂಡು ಹೋಗಿದ್ದ ಗಾಜಿನ ತಟ್ಟೆಯೊಂದನ್ನು ವಾಪಸು ಕೊಡಲು ಬಂದಿದ್ದರು. ಮರ್ಲಿಸ್ ಆರ್ವಿಡನ ಹೆಂಡತಿ, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಅವಳು ಬರುವುದು ಒಂದು ಗಂಟೆಗೆ ಎಂಬುದು ಬರ್ನೀಸರಿಗೂ ಗೊತ್ತಿತ್ತು. ಅವರು ಗ್ಯಾರೇಜಿನ ಗೋಡೆಯನ್ನು ನೋಡಿದರು, ಲಾಯ್ಡನ ಗಡ್ಡವನ್ನು ನೋಡಿದರು.

"ಯಾರಿಗಾದ್ರೂ ಏಟಾಯ್ತಾ?"

"ಇಲ್ಲ. ಕೆಚಪ್ಪು," ಅಂದ ಆರ್ವಿಡ್.

"ಹೌದಾ," ಅಂದರು ಬರ್ನೀಸ್. "ನಾವು ಊಟಕ್ಕೆ ಹಾಕ್ಕೋತೀವಿ."

ಆ ಊರಿನಲ್ಲಿ ಬಂದವರು ಹೊರಡುವುದಕ್ಕೆ ನಾಲ್ಕು ಘಟ್ಟಗಳಿವೆ. ತೊಡೆ ತಟ್ಟಿಕೊಂಡು 'ಸರಿ ಹಂಗಾದ್ರೆ' ಅನ್ನುವುದು ಮೊದಲನೆಯದು. ಬಾಗಿಲಲ್ಲಿ ನಿಂತು ಹವಾಮಾನ ಮಾತಾಡುವುದು ಎರಡನೆಯದು. ಅಂಗಳದಲ್ಲಿ ನಿಂತು ಯಾರ ಆರೋಗ್ಯ ಹೇಗಿದೆ ಎಂದು ವಿಚಾರಿಸುವುದು ಮೂರನೆಯದು. ಕಾರಿನೊಳಗೆ ಕೂತು ಗಾಜು ಇಳಿಸಿದ ಮೇಲೆ ನಿಜವಾದ ಮಾತು ಶುರುವಾಗುವುದು ನಾಲ್ಕನೆಯದು. ಬರ್ನೀಸ್ ನಡೆದುಕೊಂಡು ಬಂದಿದ್ದರಿಂದ ನಾಲ್ಕನೆಯದನ್ನು ಬೇಲಿಯ ಹತ್ತಿರ ನಡೆಸಿಕೊಟ್ಟರು. ಲಾಯ್ಡ್ ಮುಖ ತೊಳೆಯಲು ತನ್ನ ಮನೆಗೆ ಹೋಗಿದ್ದ. ನಡುವೆ ತುಂಡರಿಸಿ ಒಳಗೆ ಓಡುವ ಧೈರ್ಯ ಆರ್ವಿಡನಿಗೆ ಬರಲಿಲ್ಲ. ಅಂಥದ್ದನ್ನು ಮಾಡಿದವರ ಮಕ್ಕಳಿಗೆ ಅಲ್ಲಿ ಸಂಬಂಧ ಕುದುರುವುದು ಕಷ್ಟ.

ಐವತ್ತು ನಿಮಿಷದ ಮೇಲೆ ಬಕೆಟ್ಟಿಗೆ ಕೈ ಹಾಕಿದರೆ ತೋಟೆಗಳು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಎಣ್ಣೆನೀರು ಹಾಕಿಸಿಕೊಂಡ ಹಸುಗೂಸುಗಳ ಹಾಗೆ, ನಲವತ್ತೂ.

"ಮೇಲ್ಮೇಲೆ ಅಷ್ಟೇ ಕಣೋ, ತಿಕ್ಕಿದ್ರೆ ಹೋಗುತ್ತೆ," ಅಂದ ತೊಳೆದ ಗಡ್ಡದಲ್ಲಿ ವಾಪಸು ಬಂದ ಲಾಯ್ಡ್. "ಹೋಗ್ದಿದ್ರೂ ಏನಂತೆ. ಜಿಂಕೆಗೆ ಬಣ್ಣ ಕಾಣ್ಸಲ್ಲ."

"ಮಾವನಿಗೆ ಕಾಣ್ಸುತ್ತೆ."

ತಿಕ್ಕಲು ಉರುಳುವ ಡಬ್ಬಿ ಬೇಕು. ಉರುಳುವ ವಸ್ತು ಮನೆಯಲ್ಲಿ ಇನ್ನೊಂದಿದೆ ಎಂಬುದು ಇಬ್ಬರಿಗೂ ಒಂದೇ ಕ್ಷಣದಲ್ಲಿ ಹೊಳೆಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಟ್ಟೆ ಒಣಗಿಸುವ ಮರ್ಲಿಸಳ ಡ್ರೈಯರು ಅಡುಗೆಮನೆಯ ಪಕ್ಕದ ಕೋಣೆಯಲ್ಲಿತ್ತು. ತೋಟೆಗಳನ್ನು ತೊಳೆದು ಒರೆಸಿ, ಅಕ್ರೋಟು ತರಿಯ ಸಮೇತ ಒಂದು ದಿಂಬಿನ ಚೀಲಕ್ಕೆ ತುಂಬಿ, ಬೂಟಿನ ಲಾಡಿಯಿಂದ ಬಾಯಿ ಕಟ್ಟಿ, ಬಿಸಿಗಾಳಿ ಬರದಂತೆ ಮಾಡಿ ಗುಂಡಿ ತಿರುಗಿಸಿದರು. ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದಂತೆ ಸದ್ದಾಯಿತು. ಮೂರು ನಿಮಿಷ ಎಲ್ಲವೂ ಸರಿಯಿತ್ತು. ನಾಲ್ಕನೆಯ ನಿಮಿಷಕ್ಕೆ ಲಾಡಿ ಬಿಚ್ಚಿಕೊಂಡಿತು. ಐದನೆಯದಕ್ಕೆ ಯಂತ್ರ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಒಂದು ಸಲ ಕಿರುಚಿ ನಿಂತುಬಿಟ್ಟಿತು. ಬಾಗಿಲು ತೆಗೆದರೆ ಕಂದು ಬಣ್ಣದ ತರಿ ದಬದಬ ನೆಲಕ್ಕೆ ಸುರಿಯಿತು.

ಅದರ ನಡುವೆ ಮಂಡಿಯೂರಿ ತೋಟೆ ಹೆಕ್ಕುತ್ತಿದ್ದಾಗ ಮರ್ಲಿಸ್ ಬಂದಳು. ಕೋಟನ್ನೂ ತೆಗೆಯದೆ ಬಾಗಿಲಲ್ಲಿ ನಿಂತು ಡ್ರೈಯರು, ದಿಂಬಿನ ಚೀಲ, ಗಂಡ, ಲಾಯ್ಡ್, ಎಲ್ಲವನ್ನೂ ಆ ಕ್ರಮದಲ್ಲೇ ನೋಡಿದಳು.

"ಇದೊಂಥರಾ ಬೇರೆ ತರ ಇದೆ," ಅಂದಳು.

ಅದಕ್ಕಿಂತ ಕಟುವಾದ ಮಾತನ್ನು ಆ ಸೀಮೆಯ ಹೆಂಗಸರು ಆಡುವುದಿಲ್ಲ. ಲಾಯ್ಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆರ್ವಿಡ್ ಬೆಲ್ಟಿನಿಂದ ಹಿಡಿದು ಎಲ್ಲವನ್ನೂ ಹೇಳಿ, ಇದನ್ನು ಸರಿಮಾಡಿಕೊಡುತ್ತೇನೆ, ಮಾತು ಕೊಡುತ್ತೇನೆ ಎಂದು ಸೇರಿಸಿ, ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ಮರ್ಲಿಸ್ ಕೋಟು ತೆಗೆದು ತೋಳು ಮಡಿಸಿದಳು.

"ಆರು ಗಂಟೆಗೆ ಹನ್ನೆರಡು ಜನ ಹೊಲಿಗೆ ಮಿಷನ್ ಎತ್ಕೊಂಡು ಬರ್ತಾರೆ," ಅಂದಳು. "ಚರ್ಚಿನ ಕೌದಿ ಹೊಲಿಯೋಕೆ. ಭಾನುವಾರದ ತನಕ ಇಲ್ಲೇ ಇರ್ತಾರೆ. ಅಷ್ಟು ಹೊತ್ತಿಗೆ ನೀನು ಈ ಮನೇಲಿ ಇರ್ಬಾರ್ದು."

"ಮಾವ ಇನ್ನೂ ಕರೆದೇ ಇಲ್ಲ."

"ಕರೀತಾರೆ. ಕರೆಯೋ ಹಾಗೆ ಮಾಡೋಣ. ಆ ಡ್ರಿಲ್ಲಿಂಗ್ ಮಿಷನ್ ತಗೊಂಬಾ."

ಡ್ರಿಲ್ಲಿನ ಬಾಯಿಗೆ ಒಂದೊಂದೇ ತೋಟೆಯನ್ನು ಸಿಕ್ಕಿಸಿ ತಿರುಗಿಸುತ್ತ, ಹಳೆಯ ಉಣ್ಣೆಯ ಕಾಲುಚೀಲವನ್ನು ಅದಕ್ಕೆ ಒತ್ತಿ ಹಿಡಿದಳು. ಗುಲಾಬಿ ಹೋಯಿತು, ಅದರ ಕೆಳಗಿಂದ ಹಳದಿ ಬಂತು. ಹಳದಿಯೆಂದರೆ ಮೊದಲ ದಿನ ಕಾರ್ಖಾನೆಯಿಂದ ಹೊರಬಿದ್ದಾಗಲೂ ಅವಕ್ಕೆ ಇದ್ದಿರಲಾರದ ಹಳದಿ. ಈ ಕೆಲಸ ನಿನಗೆ ಯಾವಾಗಿಂದ ಗೊತ್ತು ಎಂದು ಆರ್ವಿಡ್ ಕೇಳಿದ. ಎಲ್ಮರನಿಗೆ ಕಲಿಸಿದ್ದು ಯಾರು ಅಂದುಕೊಂಡಿದ್ದೆ ಎಂದು ಅವಳು ಕೇಳಿದಳು. ಉಜ್ಜಿದ್ದನ್ನು ಮತ್ತೆ ತೊಳೆದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ತಲೆ ಒಣಗಿಸುವ ಯಂತ್ರ ಹಿಡಿದು ಲಾಯ್ಡ್ ಆ ಸಾಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ಬಿಸಿಗಾಳಿ ಬಿಟ್ಟ. ಮದುವಣಗಿತ್ತಿಯನ್ನು ಸಿಂಗರಿಸುವವರಿಗೂ ಅಷ್ಟು ಶ್ರದ್ಧೆ ಇರುವುದಿಲ್ಲ.

ಎರಡೂವರೆಗೆ ಆರ್ವಿಡ್ ತುಂಬಲು ಕೂತ. ಮದ್ದು ತೂಗುವಾಗ ಯಾರೂ ಉಸಿರೆತ್ತಬಾರದೆಂದು ಹೇಳಿದ. ಲಾಯ್ಡ್ ಒಂದು ಗಂಟೆ ಮಾತಾಡಲಿಲ್ಲ. ಅವನ ಮುಖದ ಬಣ್ಣವೇ ಅದರಿಂದ ಬದಲಾಯಿತು. ಮೂರೂವರೆಗೆ ಕೊನೆಯ ತೋಟೆಗೆ ಗುಂಡು ಒತ್ತಿ ಪೆಟ್ಟಿಗೆಯ ಗೂಡುಗಳನ್ನು ನೋಡಿದರೆ ಒಂದು ಗೂಡು ಖಾಲಿ.

ಮೂವತ್ತೊಂಬತ್ತು.

ನೆಲದ ಮೇಲಿರಲಿಲ್ಲ, ತರಿಯಲ್ಲಿ ಇರಲಿಲ್ಲ, ಲಾಯ್ಡನ ಜೇಬಿನಲ್ಲೂ ಇರಲಿಲ್ಲ. ಮೂವರೂ ನಿಧಾನವಾಗಿ ಡ್ರೈಯರಿನ ಕಡೆ ತಿರುಗಿದರು. ಅದು ಕಿರುಚಿದ್ದು ಯಾಕೆಂದು ಈಗ ತಿಳಿಯಿತು. ಹಿಂದಿನ ತಗಡು ಬಿಚ್ಚಿದರು, ಪಟ್ಟಿ ಬಿಚ್ಚಿದರು, ಉರುಳೆ ಎತ್ತಿದರು, ಹೆಸರು ಗೊತ್ತಿಲ್ಲದ ಹನ್ನೊಂದು ಭಾಗಗಳನ್ನು ನೆಲಕ್ಕೆ ಹರಡಿದರು. ನಾಲ್ಕಕ್ಕೆ ಕಾಲು ಗಂಟೆ ಇರುವಾಗ, ಅಂಚಿನ ಸಂದಿಯಲ್ಲಿ, ಒಂದು ಗೀರೂ ಇಲ್ಲದೆ, ನಲವತ್ತನೆಯದು ಸಿಕ್ಕಿತು. ಅದನ್ನು ಉಜ್ಜಿ, ತೊಳೆದು, ಒಣಗಿಸಿ, ಕೇಪು ಕೂರಿಸಿ, ಮದ್ದು ತುಂಬಿ, ಗುಂಡು ಒತ್ತಿ ಗೂಡಿಗಿಟ್ಟಾಗ ಅಂಗಳದಲ್ಲಿ ಪಿಕಪ್ಪಿನ ಬಾಗಿಲು ಮುಚ್ಚಿದ ಸದ್ದು ಕೇಳಿತು.

ಮಾವನವರು ಬೂಟು ಬಿಚ್ಚಿಟ್ಟು ಒಳಗೆ ಬಂದರು. ಮೇಜಿನ ಮುಂದೆ ಕೂತು, ಕನ್ನಡಕ ಹಾಕಿಕೊಂಡು, ಒಂದು ತೋಟೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ತಳ ನೋಡಿದರು, ಕತ್ತು ನೋಡಿದರು, ಉಗುರಿನಿಂದ ಗೀರಿ ನೋಡಿದರು. ಇನ್ನೊಂದನ್ನು ತೆಗೆದರು. ಹೀಗೆ ಏಳು. ಎಂಟನೆಯದನ್ನು ಮುಟ್ಟದೆ ಕನ್ನಡಕ ತೆಗೆದು ಮಡಿಸಿದರು.

"ಪರವಾಗಿಲ್ಲ," ಅಂದರು.

ಮರ್ಲಿಸ್ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಲಾಯ್ಡ್ ಮೂಗು ಒರೆಸಿಕೊಂಡ. ಮಾವನವರು ಕಿಟಕಿಯಾಚೆ ಬರಿಗಿಡಗಳನ್ನು ನೋಡುತ್ತ, ಯಾರಿಗೂ ಅಲ್ಲದ ಹಾಗೆ, "ಎಲ್ಮರನ ಮಂಚ ಖಾಲಿ ಇದೆ," ಅಂದರು. "ಬರ್ತೀಯೇನೋ ಅಂತ."

ಇಪ್ಪತ್ತಮೂರು ವರ್ಷ ಕಾದಿದ್ದ ಮಾತು. ಬೇರೆ ಯಾವ ಊರಿನವನಾದರೂ ಆಗಲೇ ಕೋಟು ಹಾಕಿಕೊಂಡು ಗಾಡಿಯಲ್ಲಿ ಕೂತಿರುತ್ತಿದ್ದ. ಆದರೆ ಆ ಊರಿನಲ್ಲಿ ಕೊಟ್ಟದ್ದನ್ನು ಮೊದಲ ಸಲಕ್ಕೆ ತೆಗೆದುಕೊಳ್ಳುವವರು ಇಲ್ಲ. ಮೊದಲ ಸಲ ಬೇಡವೆನ್ನಬೇಕು. ಎರಡನೆಯ ಸಲ ಬೇಡವೆಂದು ಒಂದು ಕಾರಣ ಹೇಳಬೇಕು. ಮೂರನೆಯ ಸಲ, ಅಷ್ಟು ಹೇಳುತ್ತೀರಿ ಅಂದ ಮೇಲೆ ಎಂದು ಒಪ್ಪಬೇಕು. ಕೇಕಿನ ತುಂಡಿಗೂ ಇದೇ, ಮದುವೆಯ ಹೆಣ್ಣಿಗೂ ಇದೇ.

"ಅಯ್ಯೋ ಬೇಡಿ ಮಾವ, ನಿಮಗ್ಯಾಕೆ ತೊಂದರೆ," ಅಂದ ಆರ್ವಿಡ್. ಅವನ ಹೃದಯ ಹಾಡುತ್ತಿತ್ತು.

"ತೊಂದರೆ ಏನಿಲ್ಲ. ಮಂಚ ಸುಮ್ನೆ ಬಿದ್ದಿರುತ್ತೆ."

ಈಗ ಕಾರಣ ಹೇಳಬೇಕು. ಈ ಕಾರಣ ಎಂಬುದು ಸೂಕ್ಷ್ಮವಾದ ಸಂಗತಿ. ಮುಟ್ಟಿದರೆ ಬೀಳುವಂತಿರಬೇಕು. ಮೂರನೆಯ ಸಲ ಕರೆಯುವವರು ಅದನ್ನು ಒಂದೇ ಬೆರಳಲ್ಲಿ ಪಕ್ಕಕ್ಕೆ ಸರಿಸಲು ಸಾಧ್ಯವಾಗಬೇಕು. ಆರ್ವಿಡ್ ಬೇರೆ ದಿನವಾಗಿದ್ದರೆ ಶೀತ ಅನ್ನುತ್ತಿದ್ದ, ಸೊಂಟ ಅನ್ನುತ್ತಿದ್ದ. ಆದರೆ ಬೆಳಗಿನಿಂದ ಕೆಚಪ್, ವಿನೆಗರ್, ಬರ್ನೀಸ್ ಎಲ್ಲವನ್ನೂ ದಾಟಿ ಬಂದ ಅವನ ತಲೆಯಲ್ಲಿ ಸುಳ್ಳಿನ ಒಂದು ಹನಿಯೂ ಉಳಿದಿರಲಿಲ್ಲ. ಬಾಯಿ ತೆರೆದ, ಕಣ್ಣು ಪಕ್ಕದ ಕೋಣೆಗೆ ಹೋಯಿತು.

"ಹಂಗಲ್ಲ ಮಾವ. ಡ್ರೈಯರ್ ಬಿಚ್ಚಿ ಹಾಕಿದ್ದೀನಿ. ಸರಿಮಾಡಿ ಕೊಡ್ತೀನಿ ಅಂತ ಮರ್ಲಿಸ್‌ಗೆ ಮಾತು ಕೊಟ್ಟಿದ್ದೀನಿ."

ಹೇಳಿದ್ದು ನಿಜವಾದ ಕಾರಣವೆಂಬುದು ಹೇಳಿದ ಮೇಲೆ ಅವನಿಗೇ ಕೇಳಿಸಿತು. ಮಾವನವರು ಎದ್ದು ಹೋಗಿ ಡ್ರೈಯರನ್ನು ನೋಡಿದರು. ನೆಲದ ಮೇಲಿನ ಹನ್ನೊಂದು ಭಾಗಗಳನ್ನು ನೋಡಿದರು. ತುಂಬ ಹೊತ್ತು ನೋಡಿದರು.

"ಹೂಂ," ಅಂದರು. "ಇದನ್ನ ಬಿಟ್ಟು ಬರೋಕಾಗಲ್ಲ."

"ಅಪ್ಪಾ, ನನಗೇನೂ ಅವಸರ ಇಲ್ಲ," ಅಂದಳು ಮರ್ಲಿಸ್. ಅವಳ ಧ್ವನಿ ಯಾವತ್ತಿಗಿಂತ ಒಂದು ಮೆಟ್ಟಿಲು ಮೇಲಿತ್ತು. "ಹೊರಗೆ ಹಗ್ಗದ ಮೇಲೆ ಒಣಗಿಸ್ಕೋತೀನಿ."

ಹೊರಗೆ ಒದ್ದೆ ಬೆರಳು ಕಂಬಿಗೆ ಅಂಟಿಕೊಳ್ಳುವ ಚಳಿ. ತ್ಯಾಗ ಯಾವುದೆಂದು ಗುರುತಿಸುವ ಶಕ್ತಿ ಮಾವನವರಿಗಿತ್ತು. ಮಗಳ ಭುಜ ತಟ್ಟಿ, ನಿನ್ನ ಗಂಡ ಮಾತು ಉಳಿಸಿಕೊಳ್ಳುವ ಮನುಷ್ಯ, ಅವನನ್ನು ಬೇಟೆಗೆ ಎಳೆದುಕೊಂಡು ಹೋಗುವ ಪಾಪ ನನಗೆ ಬೇಡ ಎಂದರು. ಅವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆಮೇಲೆ ಅವರ ಕಣ್ಣು ತಲೆ ಒಣಗಿಸುವ ಯಂತ್ರವನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದ ಲಾಯ್ಡನ ಮೇಲೆ ನಿಂತಿತು.

"ನೀನು ಬರ್ತೀಯಾ?"

"ಛೆ ಛೆ, ನನ್ಯಾಕೆ," ಅಂದ ಲಾಯ್ಡ್.

"ಮಂಚ ಖಾಲಿ ಇದೆ."

"ಬೆಕ್ಕಿಗೆ ಹಾಲು ಹಾಕೋರು ಯಾರೂ ಇಲ್ಲ."

ಲಾಯ್ಡನ ಬೆಕ್ಕು ಸತ್ತು ಎರಡು ವರ್ಷವಾಗಿತ್ತು. ಅದು ಊರಿಗೆಲ್ಲ ಗೊತ್ತಿತ್ತು. ಮಾವನವರಿಗೂ ಗೊತ್ತಿತ್ತು. ಅವರು ಮೆಚ್ಚಿಗೆಯಿಂದ ತಲೆಯಾಡಿಸಿ ಮೂರನೆಯ ಸಲ ಕರೆದರು.

"ಅಷ್ಟು ಹೇಳ್ತೀರಿ ಅಂದ್ಮೇಲೆ," ಅಂದ ಲಾಯ್ಡ್.

ಅವನು ಮನೆಗೆ ಹೋಗಿ ಚೀಲ, ಕೋವಿ ತೆಗೆದುಕೊಂಡು ಬರಲು ನಾಲ್ಕು ನಿಮಿಷ ಹಿಡಿಯಿತು. ಗಾಡಿ ಹತ್ತುವ ಮುಂಚೆ ಆರ್ವಿಡನ ಹತ್ತಿರ ಬಂದು, ಉರುಳೆಯ ಕೆಳಗಿನ ಸ್ಪ್ರಿಂಗು ಕೈ ಕಚ್ಚುತ್ತದೆ, ಜೋಪಾನ ಎಂದು ಸ್ನೇಹದಿಂದ ಹೇಳಿದ. ಪಿಕಪ್ಪು ತಿರುವಿನಲ್ಲಿ ಮರೆಯಾಗುವವರೆಗೆ ಆರ್ವಿಡ್ ಕೈ ಬೀಸಿದ. ಪಕ್ಕದಲ್ಲಿ ನಿಂತಿದ್ದ ಮರ್ಲಿಸ್ ಬೀಸಲಿಲ್ಲ.

ಆರು ಗಂಟೆಗೆ ಹನ್ನೆರಡು ಹೊಲಿಗೆ ಮಿಷನ್ನುಗಳು ಬಂದವು. ಊಟದ ಮನೆ ತುಂಬಿತು, ಪಡಸಾಲೆ ತುಂಬಿತು. ಅಡುಗೆಮನೆಯನ್ನು ಬರ್ನೀಸ್ ವಹಿಸಿಕೊಂಡರು. ಆರ್ವಿಡ್ ಪಕ್ಕದ ಕೋಣೆಯ ನೆಲದ ಮೇಲೆ ಹತ್ತನೆಯ ಭಾಗವನ್ನು ಹನ್ನೊಂದನೆಯದರ ಜಾಗದಲ್ಲಿ ಕೂರಿಸಲು ಹೆಣಗುತ್ತಿದ್ದ. ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ. ಯಾರೋ ಒಬ್ಬರು ಅವನ ತಲೆಯ ಮೇಲಿಂದ ಕೈ ಚಾಚಿ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು ಹೋದರು. ಕಾಡಿನ ಮನೆಯಲ್ಲಿ ಈಗ ಲಾಯ್ಡ್ ಒಲೆಯ ಮುಂದೆ ಕಾಲು ಚಾಚಿರುತ್ತಾನೆ ಎಂದು ಅವನಿಗೆ ಅನ್ನಿಸಿತು. ಎಲ್ಮರನ ಮಂಚದ ಮೇಲೆ ಬೆಕ್ಕಿಲ್ಲದ ಮನುಷ್ಯ.

ಆಗ ಬರ್ನೀಸ್ ಬಾಗಿಲಲ್ಲಿ ಇಣುಕಿದರು. ಅವರಿಗೂ ಮನಸ್ಸು ಕರಗಿರಬೇಕು.

"ಆರ್ವಿಡ್, ಕಾಫಿ ಕುಡೀತೀಯೇನಪ್ಪಾ?"

ಅವನ ನಾಲಿಗೆ ಅಭ್ಯಾಸದಿಂದ 'ಬೇಡ' ಎಂಬುದರ ಅರ್ಧದವರೆಗೆ ಹೋಗಿತ್ತು. ಅಲ್ಲಿ ಅದನ್ನು ಹಿಡಿದು ನಿಲ್ಲಿಸಿದ. ಐವತ್ತೆರಡು ವರ್ಷದ ಜೀವನದಲ್ಲಿ ಮೊದಲ ಬಾರಿಗೆ, ಹನ್ನೆರಡು ಜನಕ್ಕೂ ಕೇಳಿಸುವಂತೆ, "ಹೂಂ, ಕುಡೀತೀನಿ, ಕೊಡಿ," ಅಂದ.

ಮಿಷನ್ನುಗಳು ಒಂದೊಂದಾಗಿ ನಿಂತವು. ಮರ್ಲಿಸ್ ಕಣ್ಣು ಮುಚ್ಚಿಕೊಂಡಳು. ಬರ್ನೀಸ್ ಒಮ್ಮೆ ಅವನ ಮುಖ ನೋಡಿದರು, ಒಮ್ಮೆ ಅಡುಗೆಮನೆಯ ಕಡೆ ನೋಡಿದರು. ಮೂರನೆಯ ಸಲ ಕೇಳುವ ಹೊತ್ತಿಗೆ ಕುದಿದಿರುತ್ತದೆ ಎಂಬ ಲೆಕ್ಕದಲ್ಲಿ ಅವರು ಇನ್ನೂ ನೀರನ್ನೇ ಇಟ್ಟಿರಲಿಲ್ಲ.